ಬಂಗಾರ ಗೊತ್ತದ, ಜುಬಿಲಿ ಅಂದ್ರೇನು?

ಒಂದು ಶಬ್ದದ ಅರ್ಥ ಹುಡುಕಿದ ತಪ್ಪಿಗೆ ನಮ್ಮ ಮಾಮಾ ಬಹಳ ದಿನ ನನ್ನ ಜೊತೆ ಮಾತು ಬಿಟ್ಟಿದ್ದರು.

ಬೈಗುಳದ ಶಬ್ದವೇನಲ್ಲ. ಕಾಲೇಜಿನ ಕಮಾನಿನ ಮೇಲೆ, ಸಹಕಾರಿ ಸಂಘದ ಕ್ಯಾಲೆಂಡರಿನಲ್ಲಿ, ಯಾರದೋ ಲಗ್ನದ ವಾರ್ಷಿಕೋತ್ಸವದ ಕೇಕಿನ ಮೇಲೆ ನೀವೂ ನಾನೂ ಎಷ್ಟೋ ಸಲ ಓದಿದ ಶಬ್ದ. ಜುಬಿಲಿ.

ಮಾಮಾ ಅಂದರೆ ನನ್ನ ಸೋದರತ್ತೆಯ ಗಂಡ, ಶಿವರಾಜಪ್ಪ. ಹುಮನಾಬಾದಿನಲ್ಲಿ ಕಿರಾಣಿ ಅಂಗಡಿ. ಅತ್ತೆಯ ಹೆಸರು ಶಾಂತಮ್ಮ. ನಮ್ಮ ಅಪ್ಪನ ಬೆನ್ನಿಗೆ ಹುಟ್ಟಿದವಳು, ಬಸವಕಲ್ಯಾಣದ ಪಕ್ಕದ ನಾರಾಯಣಪುರದ ಹುಡುಗಿ. ಮಾಮಾ ಅಂಗಡಿ ಇಟ್ಟ ವರ್ಷವೇ ಅತ್ತೆಯನ್ನು ಮದುವೆಯಾದರು. ಹೀಗಾಗಿ ಅಂಗಡಿಗೂ ಮದುವೆಗೂ ಒಂದೇ ವಯಸ್ಸು. ಈ ವರ್ಷ ಎರಡಕ್ಕೂ ಐವತ್ತು ತುಂಬಿತು.

ಅವರ ಮಗ ಜಗದೀಶ ಫೋನ್ ಮಾಡಿದ.

"ಅಕ್ಕಾ, ಅಪ್ಪಾಜಿದು ದೊಡ್ಡ ಫಂಕ್ಷನ್ ಮಾಡಾಕತ್ತೀವಿ. ನೀ ಪೇಪರಿನಾಗ ಬರೀತಿ. ಬ್ಯಾನರಿಗಿ ಎರಡು ಲೈನ್ ಬರ್ದು ಕೊಡು. ಫಸ್ಟ್ ಕ್ಲಾಸ್ ಇರಬೇಕು ಮತ್ತ!"

(ಅಂಕಣ ಬರೆಯುವವರ ಹಣೆಬರಹ ಇದು. ತೊಟ್ಟಿಲ ಕಾರ್ಯದಿಂದ ಹಿಡಿದು ಗೃಹಪ್ರವೇಶದವರೆಗೆ ನಂಟರಿಷ್ಟರ ಕಾರ್ಡುಗಳೆಲ್ಲ ನಮ್ಮ ಪಾಲಿಗೆ.)

ನಾನಿರುವುದು ಬಸವಕಲ್ಯಾಣದಲ್ಲಿ. ಹುಮನಾಬಾದೇನು ದೂರವೇ? ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕು, ಕಣ್ಣಿಗೆ ಜೊಂಪು ಹತ್ತುವಷ್ಟರಲ್ಲಿ ಕಂಡಕ್ಟರ್ ಕೂಗಿರುತ್ತಾನೆ. ಹೋದೆ. ಅಂಗಡಿಯ ಹಿಂದೆಯೇ ಮನೆ. ನಡುವೆ ಒಂದು ಪಡಸಾಲೆ. ಅಲ್ಲಿ ಅತ್ತೆ ತೊಗರಿಬೇಳೆ ಹರವಿಕೊಂಡು ಕೂತು ಹರಳು ಆರಿಸುತ್ತಿದ್ದಳು. ನಾನು ಚಿಕ್ಕವಳಿದ್ದಾಗಿನಿಂದ ಅವಳನ್ನು ಅಲ್ಲೇ, ಹಾಗೆಯೇ ನೋಡಿದ್ದೇನೆ. ಬೇಳೆ ಬದಲಾಗಿರುತ್ತದೆ, ಅಷ್ಟೇ.

ಜಗದೀಶ ಮೊಬೈಲಿನಲ್ಲಿ ಬ್ಯಾನರಿನ ಡಿಸೈನ್ ತೋರಿಸಿದ. ಫ್ಲೆಕ್ಸ್ ಅಂಗಡಿಯವರ ಹತ್ತಿರ ಎಲ್ಲ ರೆಡಿ ಇರುತ್ತದಂತೆ. ಇಪ್ಪತ್ತೈದಕ್ಕೆ ರಜತ, ಐವತ್ತಕ್ಕೆ ಸುವರ್ಣ, ಅರವತ್ತಕ್ಕೆ ವಜ್ರ, ಎಪ್ಪತ್ತೈದಕ್ಕೆ ಅಮೃತ. ಹೆಸರು, ಫೋಟೋ ಕೊಟ್ಟರಾಯಿತು. ಮೇಲೆ ದಪ್ಪಕ್ಷರದಲ್ಲಿ 'ಸುವರ್ಣ ಮಹೋತ್ಸವ', ಕೆಳಗೆ ಹೊಳೆಯುವ ಹಳದಿಯಲ್ಲಿ 'ಗೋಲ್ಡನ್ ಜುಬಿಲಿ'. ನಡುವೆ ಮಾಮಾ, ಜರಿ ಪೇಟದಲ್ಲಿ. ಅತ್ತೆಯ ಫೋಟೋ ಇರಲಿಲ್ಲ. ಸಿಕ್ಕಿಲ್ಲವಂತೆ, ಹುಡುಕುತ್ತಿದ್ದಾರಂತೆ.

ಅತ್ತೆ ಕನ್ನಡಕ ಸರಿಮಾಡಿಕೊಂಡು ಅಕ್ಷರ ಕೂಡಿಸಿ ಓದಿದಳು.

"ಸವಿತಾ, ಗೋಲ್ಡನ್ ಅಂದ್ರ ಬಂಗಾರ, ಗೊತ್ತದ. ಈ ಜುಬಿಲಿ ಅಂದ್ರೇನವ್ವಾ? ಇದರ ಮತ್ಲಬ್ ಏನು?"

ಮಾಮಾ ಗಲ್ಲಾದ ಕಡೆಯಿಂದಲೇ ಉತ್ತರ ಕೊಟ್ಟರು. "ಸಿಕಂದ್ರಾಬಾದಿನಾಗ ಜುಬಿಲಿ ಬಸ್ ಸ್ಟ್ಯಾಂಡ್ ಅದಲಾ, ಅದಾ!"

"ಸಿನೆಮಾ ಇಪ್ಪತ್ತೈದು ವಾರ ಓಡಿದ್ರ ಸಿಲ್ವರ್ ಜುಬಿಲಿ ಅಂತಿದ್ರಲಾ, ಅದಾ ಇದು" ಎಂದ ಜಗದೀಶ.

ಒಳಗಿನಿಂದ ಅವನ ಹೆಂಡತಿ ಸುನಂದಾ, "ಆನಿವರ್ಸರಿ ಅಂತ ಕಾಣಸ್ತದ್ರಿ" ಎಂದಳು.

ಎಲ್ಲರೂ ನನ್ನ ಮುಖ ನೋಡಿದರು. ನನಗೂ ಗೊತ್ತಿರಲಿಲ್ಲ. 'ಉತ್ಸವ ಅಂತಲೇ ಅತ್ತಿ' ಎಂದು ಸಾಗಹಾಕಬಹುದಿತ್ತು. ಆದರೆ ಒಂದು ಶಬ್ದ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡರೆ ನನಗೆ ಊಟ ಸೇರುವುದಿಲ್ಲ. ಉತ್ಸವವೇ ಆಗಿದ್ದರೆ ಅದಕ್ಕೆ ಇಂಥ ವಿಚಿತ್ರ ಹೆಸರು ಯಾಕೆ? ಬರ್ತ್‌ಡೇಗೆ ಯಾಕೆ ಜುಬಿಲಿ ಅನ್ನುವುದಿಲ್ಲ? ಇಪ್ಪತ್ತೈದು, ಐವತ್ತು ಎಂಬ ಲೆಕ್ಕವಾದರೂ ಎಲ್ಲಿಂದ ಬಂತು?

ಅಷ್ಟರಲ್ಲಿ ದೇವದಾಸ ಮಾಸ್ತರರು ಜೋಳ ಒಯ್ಯಲು ಬಂದರು. ಹುಮನಾಬಾದಿನಲ್ಲೇ ಮಾಸ್ತರಿಕೆ ಮಾಡಿ ನಿವೃತ್ತರಾದವರು, ಭಾನುವಾರ ಚರ್ಚಿನಲ್ಲಿ ಪಾಠ ಓದುವವರು. ಜಗದೀಶನಿಗೆ ಮಗ್ಗಿ ಕಲಿಸಿದವರೂ ಅವರೇ. ಮಾಮಾ ತಮಾಷೆಗೆ, "ಮಾಸ್ತರ್ರ, ನಮ್ಮನ್ಯಾಗ ಒಂದು ಶಬ್ದ ಗುದ್ದಾಡಾಕತ್ತದ, ಬಿಡಿಸ್ರಿ" ಎಂದರು.

ಮಾಸ್ತರರು ಕೇಳಿ ಕುರ್ಚಿ ಎಳೆದುಕೊಂಡರು.

"ಅದು ಭಾಳ ಹಳೀ ಶಬ್ದರೀ. ಯಹೂದ್ಯರ ರಿವಾಜ್. ಏಳು ಸಲ ಏಳು ವರ್ಷ ಆದಮ್ಯಾಲ ಬರೋ ಐವತ್ತನೇ ವರ್ಷಕ್ಕ ಅವರು ಹಂಗ ಕರೀತಿದ್ರು. ಟಗರಿನ ಕೊಂಬು ಊದಿ ಊರಿಗೆಲ್ಲ ಸಾರತಿದ್ರು."

"ಸಾರಿ ಏನ್ ಮಾಡ್ತಿದ್ರು?" ಅತ್ತೆ ಕೇಳಿದಳು.

"ಏನೂ ಮಾಡತಿರಲಿಲ್ರಿ. ಅದರ ವಿಶೇಷ ಅದೇ. ಬಿತ್ತಂಗಿಲ್ಲ, ಬೆಳಿ ಕೊಯ್ದು ಕೂಡಿಡಂಗಿಲ್ಲ. ಭೂಮಿಗೂ ಆರಾಮ. ಜೀತಕ್ಕ ಇದ್ದವರನ್ನ ಬಿಡಬೇಕು. ಕೈಬಿಟ್ಟುಹೋದ ಹೊಲ ಮೊದಲಿನ ಮನೆತನಕ್ಕ ವಾಪಸ್. ಎಲ್ಲಾರೂ ತಮ್ಮ ತಮ್ಮ ಮಂದಿ ಕಡಿ ಹೋಗಬೇಕು."

"ಒಂದು ವರ್ಷ?"

"ಹೌದ್ರಿ ಶಾಂತಮ್ಮಾರ, ಪೂರಾ ಒಂದು ವರ್ಷ. ಖರೇನ ಎಷ್ಟು ಮಂದಿ ಹಂಗ ನಡಕೊಂಡ್ರೋ, ಅದು ದೇವರಿಗೇ ಗೊತ್ತು. ಹುಕುಂ ಅಂತೂ ಹಂಗಿತ್ತು."

ಅತ್ತೆ ಮತ್ತೆ ಬೇಳೆಗೆ ಕೈ ಹಾಕಿದಳು. ಮಾಸ್ತರರು ಜೋಳ ಕಟ್ಟಿಸಿಕೊಂಡು ಹೋದರು. ಮಾಮಾ ಗಿರಾಕಿ ನೋಡಿದರು. ಪಡಸಾಲೆಯಲ್ಲಿ ಆ ಹೊತ್ತಿಗೆ ಏನೋ ಬಿತ್ತನೆಯಾಯಿತೆಂದು ನಮಗೆ ಯಾರಿಗೂ ತಿಳಿಯಲಿಲ್ಲ.

ಮನೆಗೆ ಬಂದು ನಾನು ನಿಘಂಟು ತೆಗೆದೆ. ಮಾಸ್ತರರು ಹೇಳಿದ್ದು ಸರಿಯಾಗಿತ್ತು. ಹಳೆಯ ಹೀಬ್ರೂ ಮಾತಿನಲ್ಲಿ ಅದು ಟಗರು. ಟಗರಿನಿಂದ ಅದರ ಕೊಂಬು. ಊದುವ ಕೊಂಬಿನಿಂದ ಆ ವರ್ಷದ ಹೆಸರು. (ನಮ್ಮಲ್ಲೂ ನೋಡಿ, ಎತ್ತಿನ ತಲೆಯ ಮೇಲಿರುವುದೂ ಕೊಂಬು, ಮೆರವಣಿಗೆಯಲ್ಲಿ ಊದುವುದೂ ಕೊಂಬು. ಜನ ಎಲ್ಲ ಕಡೆ ಒಂದೇ ರೀತಿ ಯೋಚಿಸುತ್ತಾರೆ.) ಮುಂದೆ ಅದು ಲ್ಯಾಟಿನ್‌ಗೆ ಬಂದಾಗ ಅಲ್ಲಿ ಖುಷಿಯಿಂದ ಕೇಕೆ ಹಾಕುವುದಕ್ಕೆ ಹೆಚ್ಚುಕಡಿಮೆ ಅದೇ ಸಪ್ಪಳದ ಇನ್ನೊಂದು ಶಬ್ದ ಇತ್ತು. ಎರಡೂ ಬೆರೆತವು. ಕ್ರಮೇಣ ಕೊಂಬು ಮರೆಯಾಗಿ ಕೇಕೆ ಉಳಿಯಿತು. ಐವತ್ತಕ್ಕಿದ್ದದ್ದು ಇಪ್ಪತ್ತೈದಕ್ಕೂ ಬಂತು, ಅರವತ್ತಕ್ಕೂ ಹೋಯಿತು. ರಾಜರು ಪಟ್ಟಕ್ಕೇರಿದ ವರ್ಷಗಳನ್ನು ಎಣಿಸಿ ಮಾಡಿಸಿಕೊಂಡರು. ಸಿನೆಮಾದವರು ವಾರ ಎಣಿಸಿದರು.

ಕನ್ನಡಕ್ಕೆ ಬಂದಾಗ ಏನಾಯಿತು? ಗೋಲ್ಡನ್ ಅನ್ನುವುದನ್ನು ನಾವು ಚೊಕ್ಕವಾಗಿ ಸುವರ್ಣ ಎಂದೆವು. ಜುಬಿಲಿಯನ್ನು ಮಹೋತ್ಸವ ಎಂದುಬಿಟ್ಟೆವು. ಬಂಗಾರ ಇಟ್ಟುಕೊಂಡು ಬಿಡುಗಡೆಯನ್ನು ಬಿಟ್ಟೆವು! ಇದು ಅನುವಾದದ ತಪ್ಪೋ, ಅನುಕೂಲದ ಜಾಣತನವೋ? ಮಹೋತ್ಸವಕ್ಕೆ ಶಾಮಿಯಾನ ಸಾಕು. ಬಿಡುಗಡೆಗೆ ಯಾರನ್ನಾದರೂ ಬಿಡಬೇಕಾಗುತ್ತದೆ.

ಇದನ್ನೆಲ್ಲ ಒಂದು ಅಂಕಣಕ್ಕೆ ಮಸಾಲೆ ಎಂದು ಗುರುತು ಹಾಕಿಕೊಂಡು, ಬ್ಯಾನರಿಗೆ ಎರಡು ಸಾಲು ಬರೆದು ಕಳಿಸಿದೆ. ನನ್ನ ಮಟ್ಟಿಗೆ ಕೆಲಸ ಮುಗಿದಿತ್ತು.

ಫಂಕ್ಷನ್ ಜೋರಾಗಿ ನಡೆಯಿತು. ಮಧ್ಯಾಹ್ನ, ಕಲ್ಯಾಣ ಮಂಟಪದಲ್ಲಿ. ಊರಿನ ವ್ಯಾಪಾರಿಗಳು, ಹಳ್ಳಿಗಳಿಂದ ಬಂದ ಹಳೆಯ ಗಿರಾಕಿಗಳು, ಬೀಗರು, ನೆಂಟರು. ಮಾಮಾಗೆ ಎಷ್ಟು ಶಾಲು ಬಂದವೆಂದರೆ ಒಬ್ಬರು ಹೊದಿಸುವಷ್ಟರಲ್ಲಿ ಇನ್ನೊಬ್ಬರ ಕೈ ತಗುಲುತ್ತಿತ್ತು. ಮಾಮಾ ಚೆನ್ನಾಗಿ ಮಾತಾಡಿದರು. ತೂಕದಲ್ಲಿ ಮೋಸ ಮಾಡಲಿಲ್ಲ, ಕಲಬೆರಕೆ ಮಾಡಲಿಲ್ಲ, ಮಾಡಿದ್ದನ್ನು ಕಾಯಕ ಅಂದುಕೊಂಡು ಮಾಡಿದೆ ಎಂದರು. ಅದು ಸತ್ಯವೂ ಹೌದು. ಜನ ಕಣ್ಣೊರೆಸಿಕೊಂಡರು.

ಕೊನೆಗೆ ನಿರೂಪಣೆ ಮಾಡುತ್ತಿದ್ದವರು ಔಪಚಾರಿಕವಾಗಿ, "ಅಮ್ಮಾರು ಎರಡು ಮಾತಾಡಬೇಕು" ಎಂದರು. ಅತ್ತೆ ಬೇಡ ಎನ್ನುತ್ತಾಳೆ, ಸೆರಗು ಬಾಯಿಗೆ ಹಿಡಿದು ನಗುತ್ತಾಳೆ, ವಂದನಾರ್ಪಣೆ ಶುರುವಾಗುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದೆವು.

ಅತ್ತೆ ಎದ್ದು ಮೈಕಿನ ಹತ್ತಿರ ಹೋದಳು.

"ನನಗ ಭಾಷಣ ಬರಂಗಿಲ್ಲ. ಐವತ್ತು ವರ್ಷ ದುಕಾನದ್ದು ಕಾಳು ಹಸನ ಮಾಡೀನಿ, ಮನ್ಯಾಗ ರೊಟ್ಟಿ ಬಡದೀನಿ. ಬ್ಯಾಸರಿಲ್ಲ. ಆದ್ರ ಜುಬಿಲಿ ವರ್ಷದಾಗ ಎಲ್ಲಾರೂ ತಮ್ಮ ತಮ್ಮ ಮಂದಿ ಕಡಿ ಹೋಗಬೇಕಂತ, ಮಾಸ್ತರ್ರು ಹೇಳ್ಯಾರ. ನಾ ಹುಲಸೂರಿಗಿ ಹೊಂಟೀನಿ. ನನ್ನ ತಂಗಿ ಜೋಡಿ ಒಂದು ವರ್ಷ ಇರ್ತೀನಿ. ಎಲ್ಲಾರೂ ಊಟ ಮಾಡಿ ಹೋಗ್ರಿ."

ಸಭೆ ಚಪ್ಪಾಳೆ ತಟ್ಟಿತು. ಯಾರೂ ಸರಿಯಾಗಿ ಕೇಳಿಸಿಕೊಂಡಿರಲಿಲ್ಲ. ಮಾಮಾ ಕೂಡ ಎರಡು ಸಲ ತಟ್ಟಿ, ಮೂರನೆಯದಕ್ಕೆ ಕೈ ಹಾಗೇ ನಿಲ್ಲಿಸಿದರು.

ಮನೆಗೆ ಬಂದ ಮೇಲೆ ಶುರುವಾಯಿತು.

"ಮಂದಿ ಏನಂತಾರವ್ವಾ?" ಜಗದೀಶ ತಲೆ ಹಿಡಿದುಕೊಂಡು ಕೂತ. "ನಿನ್ನೆ ಸುವರ್ಣ ಮಹೋತ್ಸವ, ಇವತ್ತ ಹೆಂಡ್ತಿ ಮನಿ ಬಿಟ್ಟು ಹೋದಳು ಅಂತಾರ!"

"ಬಿಟ್ಟು ಎಲ್ಲಿ ಹೊಂಟೀನಿ? ವರ್ಷಕ್ಕ ಬರ್ತೀನಿ."

ಮಾಮಾ ಮೊದಲು ನಕ್ಕರು, ಆಮೇಲೆ ಸಿಟ್ಟಾದರು, ಆಮೇಲೆ ಧರ್ಮಕ್ಕೆ ಬಂದರು. "ಕಾಯಕಕ್ಕ ರಜಾ ಇರ್ತದೇನು? ಕಲ್ಯಾಣದ ಮಗ್ಗಲ ಹುಟ್ಟಿದಾಕಿ ನೀ. ನಿನಗ ಬ್ಯಾರೇ ಹೇಳಬೇಕೇನು?"

"ನಿಮ್ಮದು ಕಾಯಕ ರೀ" ಎಂದಳು ಅತ್ತೆ. ದನಿ ಏರಿಸಲೇ ಇಲ್ಲ. "ನೀವು ಬೇಕಂತ ದುಕಾನ ಇಟ್ರಿ. ನನ್ನ ಯಾರ್ ಕೇಳಿದ್ರು? ಬಂದೆ, ಮಾಡಿದೆ. ಸಿಟ್ಟಿಲ್ಲ. ಬರೇ ಒಂದು ವರ್ಷ ಕೇಳಾಕತ್ತೀನಿ."

"ಮಾಸ್ತರ್ರು ಹೇಳಿದ್ದು ಬ್ಯಾರೇ ಮಂದಿ ರಿವಾಜ್. ನಮಗ್ಯಾಕ ಅದು?"

"ಬ್ಯಾನರಿಗಿ ಅವರ ಶಬ್ದ ಬೇಕು, ಅದರ ಮತ್ಲಬ್ ಬ್ಯಾಡೇನು?"

ಮಾಮಾ ನನ್ನ ಕಡೆ ತಿರುಗಿದರು. "ಇದೆಲ್ಲಾ ನಿನ್ನ ಕೆಲಸ. ಒಂದು ಶಬ್ದ ಇದ್ದಲ್ಲೇ ಇರಗೊಡಂಗಿಲ್ಲ ನೀ." ಅಷ್ಟೇ. ಅಲ್ಲಿಂದ ಮಾತು ಬಂದ್.

ನೀವು ಕೇಳಬಹುದು, ತಂಗಿಯ ಮನೆಗೆ ಹೋಗಲು ಇಷ್ಟೊಂದು ರಂಪ ಯಾಕೆ? ಹುಲಸೂರೇನು ಹಿಮಾಲಯದಲ್ಲಿದೆಯೇ? ಕಲ್ಯಾಣದಲ್ಲಿ ಬಸ್ ಬದಲಿಸಿದರೆ ಆಯಿತು.

ವಿಷಯ ಅದಲ್ಲ. ಚಿಕ್ಕತ್ತೆ ಕಸ್ತೂರಿ ಮತ್ತು ನಮ್ಮ ಅತ್ತೆ ನಾರಾಯಣಪುರದಲ್ಲಿ ಒಂದೇ ಕೌದಿಯಲ್ಲಿ ಮಲಗಿ ಬೆಳೆದವರು. ಗುಡಿಯ ಕಟ್ಟೆಯ ಮೇಲೆ ಕೂತು ಇಬ್ಬರೂ ಎಷ್ಟು ನಗುತ್ತಿದ್ದರೆಂದರೆ ಅಜ್ಜಿ ಬೈದು ಕರೆಯಲು ಬಂದವಳು ತಾನೂ ನಗುತ್ತ ಕೂಡುತ್ತಿದ್ದಳಂತೆ. ಅಪ್ಪ ಹೇಳುತ್ತಿದ್ದರು. ಮದುವೆಯಾದ ಮೇಲೆ ಅಕ್ಕ-ತಂಗಿ ಸಿಗುತ್ತಿದ್ದದ್ದು ಯಾರದಾದರೂ ಲಗ್ನದಲ್ಲಿ, ಇಲ್ಲವೇ ಸತ್ತವರ ಮಣ್ಣಿನಲ್ಲಿ. ಸಿಕ್ಕಾಗಲೂ ಒಬ್ಬಳು ಬಡಿಸುತ್ತಿದ್ದಳು, ಇನ್ನೊಬ್ಬಳು ಪಾತ್ರೆ ತೊಳೆಯುತ್ತಿದ್ದಳು. ಚಿಕ್ಕತ್ತೆಯ ಗಂಡ ತೀರಿಕೊಂಡಾಗ ಅತ್ತೆ ಓಡಿ ಹೋದವಳು, ಹಬ್ಬದ ಸೀಸನ್ನು, ಅಂಗಡಿ ಕಾಳು ಹಸನಾಗಬೇಕು ಎಂದು ಮೂರನೇ ದಿನಕ್ಕೇ ಬಸ್ ಹತ್ತಿದ್ದಳು. ಬಸ್ಸಿನ ಹಿಂದೆ ತಂಗಿ ಒಂದಿಷ್ಟು ದೂರ ನಡೆದುಕೊಂಡು ಬಂದಿದ್ದಳಂತೆ. ಇದನ್ನು ಅತ್ತೆ ನನಗೆ ಒಂದೇ ಸಲ ಹೇಳಿದ್ದಾಳೆ. ಮತ್ತೊಮ್ಮೆ ಹೇಳುವುದಕ್ಕೆ ಅವಳಿಗೆ ಆಗಲಿಲ್ಲ.

ಅತ್ತೆ ಹೊರಟ ದಿನ ಕಲ್ಯಾಣದಿಂದ ನಾನೂ ಜೊತೆಗೆ ಹತ್ತಿದೆ. ಅವಳ ಹತ್ತಿರ ಒಂದು ಟ್ರಂಕು. ಮದುವೆಯಲ್ಲಿ ತವರಿನಿಂದ ತಂದದ್ದು. ಹುಲಸೂರಿನ ಬಸ್ ನಿಲ್ದಾಣದಲ್ಲಿ ಚಿಕ್ಕತ್ತೆ ಕಾಯುತ್ತಿದ್ದಳು. ಎಮ್ಮೆಗೆ ಮೇವು ಹಾಕಿ ಹಾಗೇ ಬಂದಿದ್ದಳೇನೋ, ಸೀರೆಗೆ ಹುಲ್ಲಿನ ಎಸಳು ಅಂಟಿತ್ತು.

"ಎಷ್ಟು ದಿನಕ್ಕ ಬಂದೀ ಅಕ್ಕಾ?"

"ವರ್ಷಕ್ಕ."

"ಹೋಗ, ಚ್ಯಾಷ್ಟಿ ಮಾಡಬ್ಯಾಡ!" ಎಂದು ನಕ್ಕಳು ಚಿಕ್ಕತ್ತೆ. ಫೋನಿನಲ್ಲಿ ಹೇಳಿದ್ದನ್ನು ಅವಳು ನಂಬಿಯೇ ಇರಲಿಲ್ಲ. ಆಗ ಕಂಡಕ್ಟರ್ ಟ್ರಂಕನ್ನು ಕೆಳಗಿಳಿಸಿದ. ಚಿಕ್ಕತ್ತೆ ಅದನ್ನು ನೋಡಿದಳು. ಅಕ್ಕನ ಮುಖ ನೋಡಿದಳು. ಅಲ್ಲೇ, ಜನರ ನಡುವೆಯೇ, ಟ್ರಂಕಿನ ಮೇಲೆ ಕೂತು ಅಳತೊಡಗಿದಳು. ನಾನು ನೀರು ತರುವ ನೆಪದಲ್ಲಿ ಆಚೆ ಹೋದೆ.

ಇನ್ನು ಮಾಮಾ. ಅವರು ನನ್ನ ಫೋನ್ ಎತ್ತಲಿಲ್ಲ. ಹುಮನಾಬಾದಿನಲ್ಲಿ ಯಾರಾದರೂ ಕೇಳಿದರೆ, "ಆರಾಮಿಲ್ಲ, ಹವಾ ಬದಲಿಗಿ ಹೋಗ್ಯಾಳ" ಎನ್ನುತ್ತಿದ್ದರಂತೆ. (ಸುಳ್ಳೇನಲ್ಲ ಬಿಡಿ.) ಒಂದು ದಿನ ಬೆಳಿಗ್ಗೆ ನಮ್ಮ ಮನೆ ಬಾಗಿಲು ಸದ್ದಾಯಿತು. ಮಾಮಾ ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಚೀಲ.

"ಹುಲಸೂರಿನ ಬಸ್ ಎಷ್ಟಕ್ಕದ?"

"ಒಳಗ ಬರ್ರಿ ಮಾಮಾ. ಅತ್ತೀನ ಕರ್ಕೊಂಡು ಬರಾಕ ಹೊಂಟೀರೇನ್ರಿ?"

"ಬಸ್ ಎಷ್ಟಕ್ಕದ ಹೇಳವ್ವಾ, ಬಸ್."

ಹೇಳಿದೆ. ಹೋದರು. ದಿನವೆಲ್ಲ ನನಗೆ ಕಾಲು ನಿಲ್ಲಲಿಲ್ಲ. ಅಲ್ಲಿ ಜಗಳ ನಡೆದಿರುತ್ತದೆ, ಇಲ್ಲವೇ ಅತ್ತೆ ಕರಗಿ ಟ್ರಂಕು ಕಟ್ಟಿರುತ್ತಾಳೆ. ಎರಡರಲ್ಲಿ ಒಂದು. ಸಂಜೆ ಮಾಮಾ ತಿರುಗಿ ಬಂದರು. ಒಬ್ಬರೇ. ನಮ್ಮ ಕಟ್ಟೆಯ ಮೇಲೆ ಕೂತರು.

"ಬಾಗಲತನಕ ಹೋದೆ" ಎಂದರು. "ಒಳಗ ನಗಾಕತ್ತಿದ್ರು. ಇಬ್ಬರೂ. ಯಾರ್ಯಾರು ಅಂತ ಗುರ್ತೇ ಹತ್ತಲಿಲ್ಲ ನೋಡು. ನಮ್ಮಾಕಿ ನಗೀ ನನಗ ಗುರ್ತು ಹತ್ತಲಿಲ್ಲ, ಸವಿತಾ."

ನಾನು ಚಹಾ ತಂದು ಅವರ ಪಕ್ಕದಲ್ಲಿಟ್ಟೆ.

"ಕೇಳಲಿಲ್ಲೇನ್ರಿ ಮತ್ತ, ಬಾ ಅಂತ?"

"ಕೇಳಬೇಕಂತಾ ಹೋಗಿದ್ದೆ." ಚೀಲ ಮಡಚಿ ಮೊಣಕಾಲ ಮೇಲಿಟ್ಟುಕೊಂಡರು. "ಊಟ ಮಾಡಿದೆ. ಬಂದೆ."

ಆಮೇಲಿಂದ ಅಂಗಡಿಗೆ ರಜೆ ಇರುವ ದಿನ ಮಾಮಾ ಹುಲಸೂರಿಗೆ ಹೋಗುತ್ತಾರೆ. ಹೋಗುವಾಗ ಕಲ್ಯಾಣದಲ್ಲಿ ನಿಂತು ಹಣ್ಣು ಕೊಳ್ಳುತ್ತಾರೆ. ಬೀಗರ ಮನೆಗೆ ಹೋಗುವವರ ಹಾಗೆ ಗಡ್ಡ ಮಾಡಿಸಿಕೊಳ್ಳುತ್ತಾರೆ. ಅಲ್ಲಿ ಹೊರಸಿನ ಮೇಲೆ ಕೂತು ಅಕ್ಕ-ತಂಗಿಯರ ಮಾತು ಕೇಳುತ್ತಾರಂತೆ. ನಾರಾಯಣಪುರದ ಗುಡಿ, ಅಲ್ಲಿಯ ಕಟ್ಟೆ, ಬೈಯಲು ಬಂದು ನಗುತ್ತ ಕೂತ ಅಜ್ಜಿ. "ಐವತ್ತು ವರ್ಷದಾಗ ಕೇಳದೇ ಇದ್ದದ್ದೆಲ್ಲಾ ಈಗ ಕೇಳಾಕತ್ತೀನಿ" ಎಂದರು ಮೊನ್ನೆ. ಕರೆಯುವ ಮಾತು ಇನ್ನೂ ಎತ್ತಿಲ್ಲ. ಅತ್ತೆ ವರ್ಷ ಮುಗಿಸಿಯೇ ಬರುತ್ತಾಳೆ. ಬಂದ ಮೇಲೆ ಪಡಸಾಲೆಯಲ್ಲಿ ಮತ್ತೆ ಬೇಳೆಯ ಮುಂದೆ ಕೂಡುತ್ತಾಳೋ ಇಲ್ಲವೋ, ಅವಳೂ ಹೇಳಿಲ್ಲ, ಯಾರೂ ಕೇಳುವ ಧೈರ್ಯ ಮಾಡಿಲ್ಲ.

ಕಥೆ ಇಲ್ಲಿಗೆ ಸುಖವಾಗಿ ಮುಗಿಯಿತು ಎಂದು ನಾನು ಅಂಕಣ ಬರೆಯಲು ಕೂತಿದ್ದೆ. ಒಂದು ಫೋಟೋ ಬೇಕಿತ್ತು, ಹೋದ ವಾರ ಹುಮನಾಬಾದಿಗೆ ಹೋದೆ. ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಬೇಳೆ ಹರವಿತ್ತು. ಮುಂದೆ ಸುನಂದಾ ಕೂತಿದ್ದಳು. ಒಲೆಯ ಮೇಲೆ ಹಂಚು ಕಾಯುತ್ತಿತ್ತು. ಬೇಳೆಯನ್ನು ಅರ್ಧಕ್ಕೆ ಬಿಟ್ಟು ಎದ್ದು ರೊಟ್ಟಿ ಬಡಿದಳು, ಮತ್ತೆ ಬಂದು ಬೇಳೆಗೆ ಕೂತಳು.

ನನ್ನ ಮುಖ ಥಟ್ಟನೆ ಸಣ್ಣದಾಯಿತು. ಆ ಹಳೆಯ ಕಟ್ಟಳೆಯಲ್ಲಿ ಭೂಮಿಗೇ ರಜೆ ಇತ್ತು, ಒಬ್ಬರ ರಜೆ ಇನ್ನೊಬ್ಬರ ಬೆನ್ನೇರುತ್ತಿರಲಿಲ್ಲ. ನಮ್ಮಲ್ಲಿ ಹಾಗಿಲ್ಲ. ಅತ್ತೆ ಬಿಟ್ಟುಹೋದ ಕೆಲಸ ಎಲ್ಲೂ ಹೋಗಿರಲಿಲ್ಲ, ಬರೀ ಕೈ ಬದಲಾಯಿಸಿತ್ತು. ಅಷ್ಟು ದಿನ ಶಬ್ದದ ಬೆನ್ನು ಹತ್ತಿದ ನಾನು ಇದೊಂದನ್ನು ಕೇಳಿಕೊಂಡೇ ಇರಲಿಲ್ಲ.

"ಭಾಳ ಕೆಲಸ ಆಗ್ಯಾದೇನು ಸುನಂದಾ?" ಎಂದೆ.

ಅವಳು ತಲೆ ಎತ್ತಲಿಲ್ಲ. ಒಂದು ಹರಳು ಆರಿಸಿ ಬದಿಗಿಟ್ಟು, ದನಿ ತಗ್ಗಿಸಿ ಕೇಳಿದಳು:

"ಅಕ್ಕಾ, ಮುಂದಿನ ವರ್ಷ ನಮ್ಮ ಲಗ್ನಕ್ಕ ಇಪ್ಪತ್ತೈದು ಆಗ್ತಾವ. ಸಿಲ್ವರಿಗಿ ಎಷ್ಟು ತಿಂಗಳು ಬಿಡ್ತಾರ್ರೀ?"